ಡಾಕ್ಟರ್ ಸಾರಿಯವರ ಬಾಗಿದ ಬೇರು

ಎಲ್ಮಾ ಕುಯಾಲ ಮಾಡುವ ಚೆರ್ರಿ ಪೈಯಲ್ಲಿ ಹುಡುಕಿದರೂ ಒಂದು ಬೀಜ ಸಿಗದು ಎಂದು ಹ್ಯಾನ್ಕಾಕ್ ಊರಿಗೆ ಊರೇ ಹೇಳುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಎಲ್ಮಾ ಕುಯಾಲರೇ ಹೇಳುತ್ತಿದ್ದರು. ಆ ಮಾತನ್ನು ನಂಬಿ ಡಾಕ್ಟರ್ ಲೀಲಂಡ್ ಸಾರಿಯವರು ಬೆಳಗಿನ ಕಾಫಿಯ ಜೊತೆ, ಪಕ್ಕದ ಮನೆಯಿಂದ ಬಂದಿದ್ದ ಆ ಪೈಯ ದೊಡ್ಡ ತುಂಡೊಂದನ್ನು ಬಾಯಿಗಿಟ್ಟು ಕಚ್ಚಿದರು. ಬಾಯೊಳಗೆ 'ಟಕ್' ಎಂದಿತು.

ಒಡೆದದ್ದು ಬೀಜವಲ್ಲ.

ನೋವು ಕೆಳಗಿನ ಸಾಲಿನ ಬಲಗಡೆಯ ದವಡೆಹಲ್ಲಿನಿಂದ ಎದ್ದು, ಕಿವಿಯನ್ನು ಹೊಕ್ಕು, ನೆತ್ತಿಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಅದೇ ಹಲ್ಲಿಗೆ ಬಂದು ಕೂತಿತು. ಡಾಕ್ಟರು ಕಾಫಿ ಲೋಟವನ್ನು ಮೇಜಿನ ಮೇಲಿಡಲು ಹೋಗಿ ಬೆಣ್ಣೆಯ ಮೇಲಿಟ್ಟರು.

"ಏನಾಯ್ತು?" ಎಂದಳು ಹೆಂಡತಿ ಡೋರೀನ್.

"ಏನಿಲ್ಲ."

"ಏನಿಲ್ಲ ಅನ್ನೋ ಮುಖ ಅಲ್ಲ ಇದು. ಹಲ್ಲಾ?"

ಹಲ್ಲುನೋವು ಯಾರಿಗೆ ಬೇಕಾದರೂ ಬರಬಹುದು. ಸಾರಿಯವರಿಗೆ ಮಾತ್ರ ಬರಬಾರದಿತ್ತು. ಬಂದರೂ ಆ ದಿನ ಬರಬಾರದಿತ್ತು. ಏಕೆಂದರೆ ಆ ಸೀಮೆಗೆಲ್ಲ ಅವರೊಬ್ಬರೇ ರೂಟ್ ಕೆನಾಲ್ ತಜ್ಞರು. ಕೆಟ್ಟ ಹಲ್ಲಿನ ಬೇರಿನೊಳಗಿನ ಸಣ್ಣ ನಾಳಗಳನ್ನು ಶುಚಿ ಮಾಡಿ, ತುಂಬಿ, ಹಲ್ಲನ್ನು ಕೀಳದೆ ಉಳಿಸುವುದೇ ಅವರ ಕಸುಬು. ಆ ಕಸುಬಿಗೆ ಎಂಡೊಡಾಂಟಿಕ್ಸ್ ಎಂಬ ಹೆಸರಿದೆ. ಅದನ್ನು ತಡವರಿಸದೆ ಹೇಳಬಲ್ಲವರು ಊರಿನಲ್ಲಿ ಇಬ್ಬರೇ: ಒಬ್ಬರು ಅವರು, ಇನ್ನೊಬ್ಬಳು ಡೋರೀನ್, ಅದೂ ಸಿಟ್ಟು ಬಂದಾಗ. ಉಳಿದವರಿಗೆ ಅವರು 'ಕಾಲುವೆ ಡಾಕ್ಟರು'. ಊರಿನ ನಡುವೆಯೇ ನಿಜವಾದ ಕಾಲುವೆಯೊಂದು ಹರಿಯುತ್ತಿದ್ದುದರಿಂದ, ಒಮ್ಮೆ ದೋಣಿ ಸಿಕ್ಕಿಹಾಕಿಕೊಂಡಿದೆ ಬನ್ನಿ ಎಂದೂ ಅವರಿಗೆ ಫೋನು ಬಂದಿತ್ತು.

ಕಸುಬಿನ ಸ್ಥಿತಿ ಚೆನ್ನಾಗಿರಲಿಲ್ಲ. ಮೊದಲೆಲ್ಲ ಸುತ್ತಲಿನ ಊರುಗಳ ಸಾಮಾನ್ಯ ದಂತವೈದ್ಯರು ಬೇರು ಕೆಟ್ಟ ಹಲ್ಲನ್ನೆಲ್ಲ ಅವರಿಗೇ ಕಳಿಸುತ್ತಿದ್ದರು. ಈಗ ತೀರಾ ಸುಲಭದ್ದನ್ನು ತಾವೇ ಮಾಡಿಕೊಂಡು, ಉಳಿದದ್ದನ್ನು ಕಾಲುವೆಯಾಚೆ ಹೌಟನ್ನಿನ ಶಸ್ತ್ರವೈದ್ಯ ಗ್ರಾಂಟ್ ಟೆಸ್ಮರನಿಗೆ ಕಳಿಸುತ್ತಿದ್ದರು. ಟೆಸ್ಮರ್ ಹಲ್ಲನ್ನು ಕಿತ್ತು, ಎಲುಬಿಗೆ ತಿರುಪು ಕೂರಿಸಿ, ಅದರ ಮೇಲೆ ಹೊಸ ಹಲ್ಲಿಟ್ಟು ಕೈತೊಳೆದುಕೊಳ್ಳುತ್ತಿದ್ದ. ಸಾರಿಯವರ ಪಾಲಿಗೆ ಬರುತ್ತಿದ್ದದ್ದು ಎಲ್ಲರೂ ಕೈಬಿಟ್ಟ ಹಲ್ಲುಗಳು. ಜೊತೆಗೆ, ಅಂತರ್ಜಾಲದಲ್ಲಿ ಏನೇನೋ ಓದಿ ಹೆದರಿಕೊಂಡು ಬಂದು, ಇನ್ನಷ್ಟು ಹೆದರಿಕೊಂಡು ವಾಪಸು ಹೋಗುವ ರೋಗಿಗಳು.

ಅದೇ ಸಂಜೆ ಹೌಟನ್ನಿನ ಹೋಟೆಲಿನಲ್ಲಿ ದಂತವೈದ್ಯರ ಸಂಘದ ವಾರ್ಷಿಕ ಊಟ. 'ರೂಟ್ ಕೆನಾಲ್: ಇಂದು ಮತ್ತು ನಾಳೆ' ಎಂದು ಸಾರಿಯವರ ಭಾಷಣ. ವೈದ್ಯರೆಲ್ಲ ಅದನ್ನು ಒಪ್ಪಿದರೆ ಅವರ ಕುರ್ಚಿ ಮತ್ತೆ ತುಂಬುತ್ತದೆ; ಒಪ್ಪದಿದ್ದರೆ ಹಿಮ ಬೀಳುವುದರೊಳಗೆ ಕ್ಲಿನಿಕ್ಕಿಗೆ ಬೀಗ. ಇಂಥ ದಿನ ರೂಟ್ ಕೆನಾಲ್ ಡಾಕ್ಟರಿಗೇ ಹಲ್ಲು ಕೆಟ್ಟಿದೆ ಎಂದು ಟೆಸ್ಮರನ ಕಿವಿಗೆ ಬಿದ್ದರೆ, ಅವನು ಮುಂದಿನ ಹತ್ತು ಊಟಗಳಲ್ಲಿ ಅದನ್ನೇ ಹೇಳಿಕೊಂಡು ನಗುತ್ತಾನೆ.

"ತೋರಿಸ್ಕೋ, ಲೀ," ಎಂದಳು ಡೋರೀನ್.

"ಯಾರಿಗೆ? ಇಲ್ಲಿ ನಾನೊಬ್ನೇ ಇರೋದು."

"ಸೂಜಿಗೆ ಹೆದರ್ತೀಯ ಅಂತ ಹೇಳು. ಮದ್ವೆಗೆ ಮುಂಚೆ ರಕ್ತಪರೀಕ್ಷೆಗೆ ಹೋದಾಗ್ಲೇ ಬಿದ್ದಿದ್ದೆ ನೀನು. ನಾನೇ ಎತ್ತಿ ಕೂರಿಸಿದ್ದು."

ಅಷ್ಟರಲ್ಲಿ ಹಿತ್ತಿಲ ಬಾಗಿಲು ತಳ್ಳಿಕೊಂಡು ಎಲ್ಮಾ ಕುಯಾಲ ಒಳಗೆ ಬಂದರು. ಎಂಬತ್ತರ ಹತ್ತಿರದ ಮುದುಕಿ. ತಟ್ಟೆ ವಾಪಸು ತೆಗೆದುಕೊಂಡು ಹೋಗುವುದು ನೆಪ. ಹೊಗಳಿಕೆ ತೆಗೆದುಕೊಂಡು ಹೋಗುವುದು ಉದ್ದೇಶ.

"ಹೇಗಿತ್ತೋ ಪೈ?"

"ಚೆನ್ನಾಗಿತ್ತು," ಎಂದರು ಡಾಕ್ಟರು, ಕೆನ್ನೆಗೆ ಕೈಯೊತ್ತಿಕೊಂಡು.

"ಕೆನ್ನೆ ಯಾಕೆ ಹಿಡ್ಕೊಂಡಿದ್ದೀಯ?"

"ಬೀಜ ಇತ್ತು ಎಲ್ಮಾ," ಎಂದುಬಿಟ್ಟಳು ಡೋರೀನ್.

ಮುದುಕಿಯ ಮುಖ ಗಡಿಯಾರ ನಿಂತಂತೆ ನಿಂತಿತು. "ನನ್ನ ಪೈಯಲ್ಲಿ? ಬೀಜ? ಸುಳ್ಳು. ಅವನ ಹಲ್ಲೇ ಮುರಿದು ಬಿದ್ದಿರ್ಬೇಕು. ಬಾಯಿ ತೆಗಿಯೋ, ನೋಡ್ತೀನಿ."

"ಬೇಡ, ನಾನೇ ಡಾಕ್ಟ್ರು..."

"ನೀನು ಕಾಲುವೆ ಡಾಕ್ಟ್ರು ಕಣೋ. ಇದು ಹಲ್ಲು. ಬಾಯಿಗೆ ವಿಸ್ಕಿ ಹಾಕ್ಕೊಂಡು ನಮ್ಮ ಸೌನಾ ಕೋಣೆಯ ಹಬೆಯಲ್ಲಿ ಕೂತ್ಕೋ. ಬೆವರಿನ ಜೊತೆ ನೋವು ಇಳಿದುಹೋಗುತ್ತೆ. ಇಲ್ದಿದ್ರೆ ಆ ಟೆಸ್ಮರ್ ಹುಡುಗನ ಹತ್ರ ಕೀಳಿಸು. ನಮ್ಮ ತಂಗಿಗೆ ಎಷ್ಟು ಚಂದ ಕಿತ್ತ!"

ಆ ಹೆಸರು ಕೇಳಿದೊಡನೆ ಹಲ್ಲು ಇನ್ನೊಮ್ಮೆ ಚಳುಕು ಹೊಡೆಯಿತು. ಡಾಕ್ಟರು ಕೋಟು ಹಾಕಿಕೊಂಡು ಹೊರಬಿದ್ದರು.

ಕ್ಲಿನಿಕ್ಕಿನಲ್ಲಿ ಜೋಲೀನ್ ಕೂತಿದ್ದಳು. ರೋಗಿಗಳಿಗೆ ಸಮಯ ಕೊಡುವುದು ಅವಳ ಕೆಲಸ. ಅವಳಿಗೆ ಗುಟ್ಟು ಹೇಳುವುದೂ ರೇಡಿಯೋಗೆ ಹೇಳುವುದೂ ಒಂದೇ. ರೇಡಿಯೋದವರು ನಡುವೆ ಹಾಡನ್ನಾದರೂ ಹಾಕುತ್ತಾರೆ.

"ಡಾಕ್ಟ್ರೇ, ಕೆನ್ನೆ ಊದಿದೆ."

"ಸರಿಯಾಗಿ ನಿದ್ದೆ ಇಲ್ಲ."

"ನಿದ್ದೆ ಕೆಟ್ರೆ ಕಣ್ಣು ಊದುತ್ತೆ, ಕೆನ್ನೆ ಅಲ್ಲ. ಮತ್ತೆ, ಹತ್ತು ಗಂಟೆಯವ್ರು ಬರಲ್ವಂತೆ. ಅವ್ರ ಭಾವಮೈದುನ ಏನೋ ವಿಡಿಯೋ ಕಳಿಸಿದ್ನಂತೆ, ರೂಟ್ ಕೆನಾಲ್ ಮಾಡಿಸ್ಕೊಂಡ್ರೆ ಕೂದಲು ಉದುರುತ್ತೆ ಅಂತ."

"ಆ ಮನುಷ್ಯನ ತಲೇಲಿ ಕೂದಲೇ ಇಲ್ವಲ್ಲ!"

"ಅದಕ್ಕೇ ಹೆದರಿದ್ದಾರೆ, ಈಗಾಗ್ಲೇ ಶುರುವಾಗಿದೆ ಅಂತ."

ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾವ ಹಲ್ಲು, ಅದರ ನರ ಎಷ್ಟು ಕೆಟ್ಟಿದೆ ಎಂದು ತಿಳಿಯಲು, ಮಂಜಿಗಿಂತ ತಣ್ಣಗೆ ಮಾಡಿದ ಹತ್ತಿಯನ್ನು ಹಲ್ಲಿಗೆ ಮುಟ್ಟಿಸುವ ಪರೀಕ್ಷೆಯೊಂದಿದೆ. ಇಪ್ಪತ್ತೈದು ವರ್ಷದಿಂದ ಅವರು ಅದನ್ನು ಮಾಡುತ್ತ ಪ್ರತಿ ರೋಗಿಗೂ ಹೇಳುವ ಮಾತು ಒಂದೇ. ಅದನ್ನೇ ಕನ್ನಡಿಯಲ್ಲಿ ತಮಗೂ ಹೇಳಿಕೊಂಡರು: "ಸ್ವಲ್ಪ ಚುಳ್ ಅನ್ನುತ್ತೆ, ಅಷ್ಟೆ." ಹತ್ತಿ ಮುಟ್ಟಿಸಿದರು.

ಹೊರಗೆ, ಮರದ ದಿಮ್ಮಿಗಳ ಲಾರಿ ಓಡಿಸುವ ರಸ್ಟಿ ಬೋಶಾಂ ತನ್ನ ಸರದಿಗಾಗಿ ಕೂತು ಮೀನು ಹಿಡಿಯುವ ಪತ್ರಿಕೆಯೊಂದನ್ನು ತಿರುವುತ್ತಿದ್ದ. ಕರಡಿ ಎದುರಾದರೂ ದಾರಿ ಬಿಡದ ಆಳು. ಒಳಗಿನಿಂದ ಬಂದ ಕೂಗಿಗೆ ಅವನ ಕೈಯಿಂದ ಪತ್ರಿಕೆ ಬಿತ್ತು.

"ನನಗಿಂತ ಮುಂಚಿನ ರೋಗಿಯೇನಮ್ಮಾ ಅದು?"

"ಇಲ್ಲ ಇಲ್ಲ, ಒಳಗೆ ರೋಗಿ ಯಾರೂ ಇಲ್ಲ," ಎಂದು ಜೋಲೀನ್ ಸಮಾಧಾನ ಹೇಳಿದಳು. "ಅದು ಡಾಕ್ಟ್ರೇ."

ಡಾಕ್ಟರು ಕಣ್ಣೊರೆಸಿಕೊಂಡು ಬಾಗಿಲು ತೆರೆಯುವ ಹೊತ್ತಿಗೆ ರಸ್ಟಿಯ ಲಾರಿ ಬೀದಿಯ ತಿರುವು ದಾಟಿತ್ತು.

ಇನ್ನು ತಡೆಯುವಂತಿರಲಿಲ್ಲ. ಬಾಯಿ ತೆರೆದರೆ ಗಾಳಿ ತಾಗುತ್ತಿತ್ತು, ಮುಚ್ಚಿದರೆ ಮೇಲಿನ ಹಲ್ಲು ತಾಗುತ್ತಿತ್ತು. ಹೀಗೆ ಸಂಜೆ ಭಾಷಣ ಮಾಡುವುದು ಹೇಗೆ? ಕೊನೆಗೆ ಒಂದು ಉಪಾಯ ಹೊಳೆಯಿತು. ಕೊಲ್ಲಿಯ ದಂಡೆಯ ಬರಾಗಾದಲ್ಲಿ ಹೈಡಿ ಲುಂಡ್‌ಕ್ವಿಸ್ಟ್ ಎಂಬ ಹೊಸ ದಂತವೈದ್ಯೆ ಬಂದಿದ್ದಳು. ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದಷ್ಟೆ, ಮುಖ ನೋಡಿರಲಿಲ್ಲ. ಬೇರೆ ಹೆಸರು ಹೇಳಿ, ನರವನ್ನು ತೆಗೆಸಿಕೊಂಡು ಬಂದುಬಿಟ್ಟರೆ ಯಾರಿಗೂ ಗೊತ್ತಾಗದು. ಊದಿದ ಕೆನ್ನೆಯ ಮೇಲೆ ಟೋಪಿ ಎಳೆದುಕೊಂಡು ಕಾರು ಹತ್ತಿದರು.

ಕಾಲುವೆಯ ಸೇತುವೆಯ ಹತ್ತಿರ ಬಂದರೆ ಗಂಟೆ ಬಾರಿಸಿತು. ಯಾರದೋ ಎತ್ತರದ ಪಟದ ದೋಣಿಗೆ ದಾರಿ ಮಾಡಿಕೊಡಲು ಸೇತುವೆಯ ನಡುಭಾಗ ಗಂಭೀರವಾಗಿ ಮೇಲಕ್ಕೇರಿತು. ದೋಣಿಯವನಿಗೆ ಯಾವ ಆತುರವೂ ಇರಲಿಲ್ಲ. ಸೇತುವೆಯ ಬಳಿ ಕಾಯುತ್ತಿದ್ದವರಿಗೆಲ್ಲ ಕೈಬೀಸುತ್ತ ಸಾಗುತ್ತಿದ್ದ. ಸಾರಿಯವರು ಸ್ಟಿಯರಿಂಗನ್ನು ಗುದ್ದಿದರು. ಅದು ಹಾರ್ನ್ ಆಗಿ ಕೂಗಿತು. ಪಕ್ಕದ ಕಾರಿನ ಗಾಜು ಕೆಳಗಿಳಿಯಿತು. ಒಳಗೆ ಗ್ರಾಂಟ್ ಟೆಸ್ಮರ್, ಅವನ ಅಚ್ಚ ಬಿಳಿಯ ಹಲ್ಲುಗಳ ಸಮೇತ.

"ಏನಪ್ಪಾ ಲೀಲಂಡ್! ಬೆಳಿಗ್ಗೆ ಬೆಳಿಗ್ಗೇನೇ ಯಾರ ಮೇಲೆ ಸಿಟ್ಟು?"

"ಹ್ಞೂಂ."

"ಕೆನ್ನೆ ಏನದು, ಊದಿದ ಹಾಗಿದೆ?"

"ತಿಂತಿದ್ದೀನಿ," ಎಂದರು ಸಾರಿಯವರು ನಾಲಿಗೆಯಿಂದ ಕೆನ್ನೆಯನ್ನು ಇನ್ನಷ್ಟು ಉಬ್ಬಿಸಿ. "ಪ್ಯಾಸ್ಟಿ."

"ತಿನ್ನು ತಿನ್ನು. ಚೆನ್ನಾಗಿ ಅಗಿದು ತಿನ್ನು. ಸಂಜೆ ನಿನ್ನ ಭಾಷಣಕ್ಕೆ ಮುಂದಿನ ಸಾಲಲ್ಲೇ ಕೂತ್ಕೋತೀನಿ. ನಾನು ಕಿತ್ತ ಹಲ್ಲುಗಳ ಪರವಾಗಿ ಯಾರಾದ್ರೂ ಅಳ್ಬೇಕಲ್ಲ!"

ಟೆಸ್ಮರ್ ಗಾಜೇರಿಸದೆ ನೋಡುತ್ತಲೇ ಇದ್ದುದರಿಂದ, ಸೇತುವೆ ಇಳಿಯುವವರೆಗೂ ಸಾರಿಯವರು ಇಲ್ಲದ ಪ್ಯಾಸ್ಟಿಯನ್ನು, ಅದರೊಳಗಿನ ಇಲ್ಲದ ಮಾಂಸ, ಆಲೂಗಡ್ಡೆಗಳ ಸಮೇತ, ಅಗಿಯಬೇಕಾಯಿತು. ಒಂದೊಂದು ಅಗಿತಕ್ಕೂ ಕಣ್ಣಲ್ಲಿ ನೀರು ಬಂತು. "ಅಷ್ಟು ರುಚಿಯೇನಪ್ಪಾ!" ಎಂದು ಟೆಸ್ಮರ್ ಬೆರಗಾದ.

ಬರಾಗಾದ ಕ್ಲಿನಿಕ್ಕಿನಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಹೈಡಿ ಲುಂಡ್‌ಕ್ವಿಸ್ಟ್ ತಾನೇ ಬಾಗಿಲಿಗೆ ಬಂದಳು. ಚುರುಕು ಹೆಣ್ಣು.

"ನಿಮ್ಮ ಹೆಸರು?"

ನೋವಿನಲ್ಲಿ ಎಲ್ಲ ಮರೆತು, "ಸಾರಿ," ಎಂದುಬಿಟ್ಟರು ಡಾಕ್ಟರು.

"ಅಯ್ಯೋ, ಸಾರಿ ಯಾಕೆ, ಇನ್ನೂ ಏನೂ ಆಗಿಲ್ವಲ್ಲ. ಹೆಸರು ಹೇಳಿ."

ಹುಟ್ಟಿದಾಗಿನಿಂದ ಈ ಮನೆತನದ ಹೆಸರಿನಿಂದ ಪಟ್ಟ ಪಾಡೆಲ್ಲ ಅಂದು ಸಾರ್ಥಕವಾಯಿತು. "ಲ್ಯಾರಿ," ಎಂದರು.

ಹೈಡಿ ಎಕ್ಸ್‌ರೇ ತೆಗೆದಳು. ತೆರೆಯ ಮೇಲೆ ನೋಡಿದಳು. ತಲೆ ಒಂದು ಪಕ್ಕಕ್ಕೆ ವಾಲಿಸಿ ನೋಡಿದಳು. ಸಾರಿಯವರೂ ಕುರ್ಚಿಯಿಂದಲೇ ಕತ್ತು ಹೊರಳಿಸಿ ನೋಡಿದರು. ಹಲ್ಲಿನ ಹಿಂದಿನ ಬೇರು ನೆಟ್ಟಗೆ ಹೋಗುವ ಬದಲು ತುದಿಯಲ್ಲಿ ಕೊಡೆಯ ಹಿಡಿಯಂತೆ ಬಾಗಿತ್ತು. ಇಂಥ ಹಲ್ಲು ಯಾರ ಬಾಯಲ್ಲಾದರೂ ಸಿಕ್ಕಿದ್ದರೆ ಅವರು ಸಂತೋಷದಿಂದ ಹೆಂಡತಿಯನ್ನು ಕರೆದು ತೋರಿಸುತ್ತಿದ್ದರು.

"ಲ್ಯಾರಿ, ಇದು ನನ್ನ ಕೈಲಾಗೋದಲ್ಲ," ಎಂದಳು ಹೈಡಿ. "ಇದಕ್ಕೆ ಹ್ಯಾನ್ಕಾಕ್‌ನಲ್ಲಿ ಒಬ್ರು ಡಾಕ್ಟ್ರಿದ್ದಾರೆ. ಡಾಕ್ಟರ್ ಸಾರಿ ಅಂತ. ಅವರೊಬ್ರೇ ಇದನ್ನ ಮಾಡಬಲ್ಲವ್ರು."

"ಬೇರೆ ಯಾರೂ ಇಲ್ವಾ?"

"ಅವ್ರ ಕೈ ಅಂದ್ರೆ ಬೆಣ್ಣೆ ಅಂತಾರೆ. ಬಾಯಿ ಮಾತ್ರ..." ಹೈಡಿ ದನಿ ತಗ್ಗಿಸಿದಳು. "ಮಾತು ಶುರು ಮಾಡಿದ್ರೆ, ಮರಗಟ್ಟಿಸಿದ್ದೆಲ್ಲ ಇಳಿದುಹೋಗೋವರೆಗೂ ನಿಲ್ಸಲ್ವಂತೆ. ಇವತ್ತು ಸಂಜೆ ಅವ್ರ ಭಾಷಣ ಬೇರೆ ಇದೆ. ಎರಡು ಲೋಟ ಕಾಫಿ ಕುಡಿದೇ ಹೋಗ್ಬೇಕು ಅಂತ ಎಲ್ರೂ ಹೇಳಿದ್ದಾರೆ."

"ಎಲ್ರೂ ಅಂದ್ರೆ?"

"ನಿಮಗೆ ಗೊತ್ತಿರೋರಲ್ಲ ಬಿಡಿ. ಸದ್ಯಕ್ಕೆ ನೋವು ಗೊತ್ತಾಗದ ಹಾಗೆ ಒಂದು ಇಂಜೆಕ್ಷನ್ ಕೊಡ್ತೀನಿ. ಬಾಯಿ ತೆಗೀರಿ."

ಸೂಜಿ ಕಂಡದ್ದೇ ತಡ, ಸಾರಿಯವರ ಕೈ ಕುರ್ಚಿಯ ತೋಳನ್ನು, ಕಾಲು ಎದುರಿನ ದೀಪದ ಕಂಬವನ್ನು ಹಿಡಿದುಕೊಂಡವು. "ಏನ್ರೀ ಇದು, ಇಷ್ಟು ದೊಡ್ಡವ್ರು!" ಎಂದು ಹೈಡಿ ಗದರಿಸಿದಳು. ಆಮೇಲೆ ಏನಾಯಿತೋ ಅವರಿಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಕುರ್ಚಿ ಹಿಂದಕ್ಕೆ ಮಲಗಿತ್ತು, ಹಣೆಯ ಮೇಲೆ ಒದ್ದೆ ಬಟ್ಟೆಯಿತ್ತು. ಬಲಗಡೆಯ ತುಟಿ, ನಾಲಿಗೆ, ಗಲ್ಲ ಇದ್ದವೋ ಇಲ್ಲವೋ ಮುಟ್ಟಿ ನೋಡಿಯೇ ತಿಳಿಯಬೇಕಿತ್ತು. ಹೈಡಿ ಕೋಟು ಹಾಕಿಕೊಂಡು ನಿಂತಿದ್ದಳು. "ಏಳಿ ಲ್ಯಾರಿ, ತುಂಬಾ ಹೊತ್ತು ನಿದ್ದೆ ಮಾಡಿದ್ರಿ. ನಾನೂ ಆ ಸಭೆಗೆ ಹೊರಡ್ಬೇಕು."

ಹೋಟೆಲಿನ ಸಭಾಂಗಣದಲ್ಲಿ ಸರೋವರದ ಮೀನು, ಕಾಡಕ್ಕಿಯ ಅನ್ನ, ಸೂಪು. ಮರಗಟ್ಟಿದ ತುಟಿಯಿಂದ ಸೂಪು ಕುಡಿಯುವುದೆಂದರೆ ತೂತು ಬಿದ್ದ ಬಕೆಟ್ಟಿನಲ್ಲಿ ನೀರು ಹೊತ್ತಂತೆ. ಕುಡಿದದ್ದು ಒಂದು ಪಾಲು, ಟೈಗೆ ಕುಡಿಸಿದ್ದು ಮೂರು ಪಾಲು. ಹೈಡಿಯ ಕಣ್ಣಿಗೆ ಬೀಳಬಾರದೆಂದು ಹೂದಾನಿಯ ಮರೆಯಲ್ಲಿ ಕೂತರು. ಆದರೆ ಸಂಘದ ಅಧ್ಯಕ್ಷರಾದ ಹಿರಿಯ ದಂತವೈದ್ಯ ಹಾಲಿಸ್ ಮಾಕಿಯವರು ಮೈಕಿನ ಮುಂದೆ ನಿಂತು, "ಈಗ ಡಾಕ್ಟರ್ ಲೀಲಂಡ್ ಸಾರಿಯವರು," ಎಂದಾಗ ಏಳಲೇಬೇಕಾಯಿತು.

"ಲ್ಯಾರಿ!" ಎಂದು ಮುಂದಿನ ಸಾಲಿನಿಂದ ಹೈಡಿ ಕೂಗಿಬಿಟ್ಟಳು. "ಅಯ್ಯೋ ದೇವರೇ, ನೀವೇನಾ ಅದು? ಸೂಜಿ ನೋಡಿ ಮೂರ್ಛೆ ಹೋದವ್ರು!"

ಮೂವತ್ತು ನಲವತ್ತು ದಂತವೈದ್ಯರು ಒಟ್ಟಿಗೆ ತಿರುಗಿ ನೋಡಿದರು. ಟೆಸ್ಮರ್ ಫೋರ್ಕನ್ನು ಕೆಳಗಿಟ್ಟ. ಅವನ ಮುಖದಲ್ಲಿ ಹಬ್ಬದ ದಿನ ಬೆಳಿಗ್ಗೆ ಎದ್ದ ಮಗುವಿನ ಸಂಭ್ರಮವಿತ್ತು.

"ಶ್ನೇಹಿತರೇ," ಎಂದು ಸಾರಿಯವರು ಶುರುಮಾಡಿದರು. ಒಂದು ಮೂಲೆಯಿಂದ ನಗು ಎದ್ದಿತು. "ರೂತ್ ಕೆನಾಲ್ ಚಿಕಿಶ್ಚೆಯ ಶ್ಥಿತಿ..." ಈಗ ಎಲ್ಲ ಮೂಲೆಗಳಿಂದಲೂ ಎದ್ದಿತು. ಅದೇ ಗಳಿಗೆಗೆ, ಇಳಿಯುತ್ತಿದ್ದ ಮದ್ದನ್ನು ಸರಿಸಿಕೊಂಡು ನೋವು ಮೆಲ್ಲಗೆ ತಲೆಯೆತ್ತಿತು. ಓಡಿಹೋಗೋಣ ಎನ್ನಿಸಿತು. ಓಡಿದರೆ ಇನ್ನು ಬದುಕಿನುದ್ದಕ್ಕೂ ಓಡುತ್ತಿರಬೇಕು ಎಂದೂ ಅನ್ನಿಸಿತು. ಬರೆದು ತಂದಿದ್ದ ಭಾಷಣವನ್ನು ಜೇಬಿಗೆ ಹಾಕಿಕೊಂಡರು.

"ಹೌದು, ಮೂರ್ಛೆ ಹೋದವನು ನಾನೇ," ಎಂದರು. ತೊದಲು ಇತ್ತು, ಆದರೆ ಈಗ ಯಾರೂ ನಗಲಿಲ್ಲ. "ನನ್ನ ಹಲ್ಲು ಕೆಟ್ಟಿದೆ. ಬೇರು ಕೊಡೆಯ ಹಿಡಿ ಹಾಗೆ ಬಾಗಿದೆ. ಬೆಳಿಗ್ಗೆ ಪಕ್ಕದ್ಮನೆಯವ್ರು ಕೀಳಿಸು ಅಂದ್ರು. ಬೇರೆಯವರ ಹಲ್ಲಿಗೆ ಆ ಮಾತು ಎಷ್ಟು ಸುಲಭ ನೋಡಿ. ಆದ್ರೆ ಇದು ನಂದು. ನಾನು ಒಂದನೇ ಕ್ಲಾಸಲ್ಲಿದ್ದಾಗ ಬಂದದ್ದು. ನಮ್ಮಪ್ಪ ತೀರಿಹೋದಾಗ ಎಲ್ಲರೆದುರು ಅಳಬಾರ್ದು ಅಂತ ಇದರ ಮೇಲೇ ಹಲ್ಲು ಕಚ್ಚಿ ನಿಂತಿದ್ದೆ. ಇದನ್ನ ಒಂದು ಟ್ರೇಯಲ್ಲಿ ಹಾಕಿ ಬಿಸಾಡ್ತಾರೆ ಅಂದ್ರೆ ನನಗೆ ಆಗಲ್ಲ. ಇಷ್ಟು ವರ್ಷ ರೋಗಿಗಳಿಗೆ ಚುಳ್ ಅನ್ನುತ್ತೆ ಅಷ್ಟೆ ಅಂತ ಹೇಳ್ತಿದ್ದೆ. ಇವತ್ತು ಗೊತ್ತಾಯ್ತು, ಆ ಕುರ್ಚಿಯಲ್ಲಿ ಕೂತವನು ಎಷ್ಟು ಒಂಟಿ ಅಂತ. ನಿಮ್ಮ ಹತ್ರ ಬರೋ ಪ್ರತಿ ಹಲ್ಲೂ ಹೀಗೇ ಯಾರದೋ ಒಬ್ಬರದು. ಕೈಬಿಡೋಕೆ ಮುಂಚೆ, ದಯವಿಟ್ಟು, ಅದನ್ನ ಉಳಿಸೋಕೆ ಒಂದು ಸಲ ನೋಡಿ. ಅಷ್ಟೇ ನಾನು ಕೇಳ್ಕೊಳ್ಳೋದು."

'ನನ್ನ ಹತ್ತಿರ ಕಳಿಸಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಅದನ್ನು ಹೇಳುವುದು ಚೆನ್ನಾಗಿರದೆಂದು ನುಂಗಿಕೊಂಡು ಕೆಳಗಿಳಿದರು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದು ನಿಂತರು. ಹೈಡಿ ಕಣ್ಣೊರೆಸಿಕೊಂಡಳು. ಟೆಸ್ಮರ್ ಕರವಸ್ತ್ರಕ್ಕೆ ಮೂಗು ಸೀನಿಕೊಂಡ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಸಾರಿಯವರ ಎದೆ ಹೂವಾಯಿತು. ನೋವಿನ ನಡುವೆಯೂ ಅವರ ಕಣ್ಣಿಗೆ ತಮ್ಮ ಖಾಲಿ ಕ್ಲಿನಿಕ್ಕಿನ ಕುರ್ಚಿಗಳು ಒಂದೊಂದಾಗಿ ತುಂಬುವುದು ಕಾಣಿಸಿತು.

ಹಾಲಿಸ್ ಮಾಕಿ ಮೈಕು ಹಿಡಿದರು. ಮುದುಕರ ಕೈ ನಡುಗುತ್ತಿತ್ತು.

"ಲೀಲಂಡ್, ನಮ್ಮ ಕಣ್ಣು ತೆರೆಸಿಬಿಟ್ಟೆ ಕಣಯ್ಯಾ. ಇಷ್ಟು ದಿನ ನಾವು ಎಂಥ ಸೋಮಾರಿಗಳು! ಹಲ್ಲು ಕಷ್ಟ ಕೊಟ್ರೆ ಬೇರೆ ಯಾರ ಹತ್ರಾನೋ ಸಾಗಹಾಕಿ ಕೈತೊಳ್ಕೋತಿದ್ವಿ. ಇನ್ನು ಮುಂದೆ ಆ ಪಾಪ ಬೇಡ. ನಮ್ಮ ರೋಗಿಯ ಹಲ್ಲನ್ನ ನಾವೇ ಉಳಿಸ್ತೀವಿ! ಇವತ್ತಿಂದ ಈ ಸಂಘದ ಒಬ್ಬ ವೈದ್ಯನೂ ಒಂದು ರೂಟ್ ಕೆನಾಲನ್ನೂ ಹೊರಗೆ ಕಳಿಸೋದಿಲ್ಲ. ಒಪ್ಪಿಗೇನಾ?"

"ಒಪ್ಪಿಗೆ!" ಎಂದು ಸಭಾಂಗಣದ ಗಾಜುಗಳು ಅದುರಿದವು.

"ನಮಗೆ ಕಲಿಸೋ ಹೊಣೆ ಲೀಲಂಡ್‌ದು. ಪ್ರತಿ ಶನಿವಾರ. ಅವನ ಕ್ಲಿನಿಕ್ಕಲ್ಲಿ ಹೇಗೂ ಜಾಗ ಖಾಲಿ ಇರುತ್ತೆ."

"ಇಲ್ಲ, ನಾನು ಹೇಳಿದ್ದು..." ಎಂದು ಸಾರಿಯವರು ಎದ್ದರು. ಚಪ್ಪಾಳೆಯಲ್ಲಿ ಅವರ ದನಿ ಅವರಿಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಟೆಸ್ಮರ್ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ. ಕಣ್ಣು ಕೆಂಪಾಗಿತ್ತು. "ಲೀಲಂಡ್, ನನ್ನನ್ನ ಕ್ಷಮಿಸಿಬಿಡು ಮಾರಾಯ. ನಾನು ಜನ್ಮದಲ್ಲಿ ಒಂದು ಹಲ್ಲು ಉಳಿಸಿದವನಲ್ಲ. ನಾಳೆಯಿಂದ ನನ್ನ ಆಸ್ಪತ್ರೆಯಲ್ಲೂ ರೂಟ್ ಕೆನಾಲ್ ಕೋಣೆ ತೆಗೀತೀನಿ. ಮೊದಲನೇ ಹಲ್ಲು ಯಾರದು ಗೊತ್ತಾ? ನಿಂದು! ನಿನ್ನದನ್ನ ನೀನೇ ಮಾಡ್ಕೊಳ್ಳೋಕಾಗಲ್ಲ. ನಾನೇ ಮಾಡ್ತೀನಿ, ನೀನು ಮಲಗಿದ್ದುಕೊಂಡೇ ಹೇಳಿಕೊಡು."

"ಅದ್ಯಾಕೆ ನಿಮಗೆ? ಆ ಹಲ್ಲನ್ನ ಮೊದಲು ನೋಡಿದ್ದು ನಾನು!" ಎಂದಳು ಹೈಡಿ.

"ಹಿರಿಯರು ನಾವಿರೋವಾಗ ನೀವೇನಮ್ಮಾ?" ಎಂದರು ಮಾಕಿ, ನಡುಗುವ ಕೈಯಿಂದ ಅಂಗಿಯ ತೋಳು ಮಡಿಸುತ್ತ.

"ಶನಿವಾರದವರೆಗೆ ಕಾಯೋದ್ಯಾಕೆ? ಪಾಪ, ಅವ್ರಿಗೆ ಈಗ್ಲೇ ನೋವಿದೆ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಕೊಡೆಯ ಹಿಡಿ ಹಾಗೆ ಬಾಗಿದೆಯಂತೆ, ನಮಗೂ ತೋರ್ಸಿ!" ಎಂದರು ಇನ್ನೊಬ್ಬರು. ಕುರ್ಚಿಗಳು ಹಿಂದಕ್ಕೆ ಸರಿದ ಸದ್ದಾಯಿತು. ಇಡೀ ಸಂಘ ಸಾರಿಯವರನ್ನು ಸುತ್ತುವರಿಯಿತು.

ಮದ್ದು ಪೂರ್ತಿ ಇಳಿದು ಹಲ್ಲು ಸುತ್ತಿಗೆಯಂತೆ ಬಡಿಯುತ್ತಿತ್ತು. ತಾಳಲಾರದೆ ಡಾಕ್ಟರ್ ಸಾರಿಯವರು, ಬೇಡ ಎಂದು ಚೀರಲು ಬಾಯನ್ನು ಅಗಲವಾಗಿ ತೆರೆದರು.

ನಲವತ್ತು ಮೊಬೈಲು ದೀಪಗಳು ಒಟ್ಟಿಗೆ ಅದರೊಳಗೆ ಇಣುಕಿದವು. "ಹಾಗೇ ಇರಿ ಡಾಕ್ಟ್ರೇ," ಎಂದಳು ಹೈಡಿ, "ಚೆನ್ನಾಗಿ ಕಾಣ್ತಿದೆ."